ಸಿಂಗಪುರದಿಂದ ಹಡಗು ಹತ್ತುವ ಕುಟುಂಬಕ್ಕೆ: ದೊಡ್ಡ ಕ್ರೂಸ್ ಹಡಗಿನ ದಿನಗಳನ್ನು ನೆಮ್ಮದಿಯಿಂದ ಕಳೆಯುವ ಬಗೆ

ಕರ್ನಾಟಕದಿಂದ ಕುಟುಂಬಸಮೇತ ಕ್ರೂಸ್ ಪ್ರವಾಸಕ್ಕೆ ಹೊರಡುವವರಲ್ಲಿ ಅನೇಕರು ಸಿಂಗಪುರವನ್ನು ಆರಿಸಿಕೊಳ್ಳುತ್ತಾರೆ. ಬೆಂಗಳೂರಿನಿಂದ ನೇರ ವಿಮಾನವಿದೆ, ಪ್ರಯಾಣದ ಅವಧಿ ಸುಮಾರು ನಾಲ್ಕೂವರೆ ಗಂಟೆ. ಅಲ್ಲಿಂದ ಮೂರು ಇಲ್ಲವೆ ನಾಲ್ಕು ರಾತ್ರಿಗಳ ಯಾನದಲ್ಲಿ ಮಲೇಷ್ಯಾದ ಪೆನಾಂಗ್, ಕ್ವಾಲಾಲಂಪುರಕ್ಕೆ ಹತ್ತಿರದ ಬಂದರಾದ ಪೋರ್ಟ್ ಕ್ಲಾಂಗ್, ಥಾಯ್ಲೆಂಡಿನ ಫುಕೆಟ್ ಇವುಗಳಲ್ಲಿ ಒಂದೆರಡು ಊರುಗಳನ್ನು ನೋಡಿಕೊಂಡು ಮರಳಬಹುದು. ಅಜ್ಜ-ಅಜ್ಜಿಯರಿಂದ ಹಿಡಿದು ಪುಟ್ಟ ಮಕ್ಕಳವರೆಗೆ ಮೂರು ತಲೆಮಾರು ಒಟ್ಟಾಗಿ ಹೊರಟಾಗ, ದಿನಕ್ಕೊಂದು ಹೋಟೆಲು ಬದಲಿಸುವ ಕಷ್ಟವಿಲ್ಲದೆ, ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿಟ್ಟರೆ ಕೊನೆಯ ದಿನದವರೆಗೂ ಮತ್ತೆ ಕಟ್ಟಬೇಕಿಲ್ಲದ ಈ ಬಗೆಯ ಪ್ರವಾಸದಷ್ಟು ಅನುಕೂಲವಾದುದು ಬೇರೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಆದರೆ ಬಹಳಷ್ಟು ಕುಟುಂಬಗಳು ಹಡಗನ್ನು ರಾತ್ರಿ ಮಲಗುವ ಜಾಗವೆಂದೂ ಬಂದರುಗಳನ್ನು ಮಾತ್ರ ನೋಡತಕ್ಕ ಜಾಗಗಳೆಂದೂ ಎಣಿಸಿ ಯೋಜನೆ ಹಾಕುತ್ತವೆ. ಹಾಗೆ ಮಾಡಿದಾಗ ಬಂದರಿನ ಬಿಸಿಲಲ್ಲಿ ಅವಸರದಿಂದ ಓಡಾಡಿ ದಣಿಯುವುದೂ ಹಡಗಿಗೆ ಮರಳಿದ ಮೇಲೆ ಸರತಿ ಸಾಲುಗಳಲ್ಲಿ ನಿಲ್ಲುವುದೂ ಉಳಿಯುತ್ತದೆಯೇ ಹೊರತು, ದುಡ್ಡು ಕೊಟ್ಟು ಪಡೆದ ಮುಖ್ಯ ವಸ್ತುವಾದ ಹಡಗಿನ ಬದುಕು ಕೈಗೆ ಸಿಗುವುದಿಲ್ಲ. ಈ ಪ್ರವಾಸದಲ್ಲಿ ನೋಡಬೇಕಾದ ಮೊದಲ ಸ್ಥಳ ಹಡಗೇ. ತೀರ್ಮಾನಿಸಬೇಕಾದುದನ್ನೆಲ್ಲ ಹತ್ತುವ ಮೊದಲೇ ತೀರ್ಮಾನಿಸಿಕೊಂಡು, ಹತ್ತಿದ ಮೇಲೆ ಹಗಲಿನಲ್ಲಿ ಅವರವರ ಪಾಡಿಗೆ ಅವರವರನ್ನು ಬಿಟ್ಟು, ದಿನಕ್ಕೆ ಒಂದು ಹೊತ್ತು ಎಲ್ಲರೂ ಒಟ್ಟಿಗೆ ಕೂರುವ ಪದ್ಧತಿಯನ್ನು ಇಟ್ಟುಕೊಂಡರೆ ಯಾನ ಸುಖವಾಗುತ್ತದೆ. ಮುಂದಿನ ಹಂತಗಳೆಲ್ಲ ಈ ಒಂದು ಉದ್ದೇಶಕ್ಕಾಗಿಯೇ ಇವೆ.

ಯಾನವನ್ನು ಆರಿಸುವುದು

ಸಿಂಗಪುರದಿಂದ ಹೊರಡುವ ದೊಡ್ಡ ಹಡಗುಗಳಲ್ಲಿ ನಮ್ಮವರು ಹೆಚ್ಚಾಗಿ ಹತ್ತುವುದು ಎರಡು ಬಗೆಯವನ್ನು. ಒಂದು, 2025ರಲ್ಲಿ ಸ್ಟಾರ್‌ಡ್ರೀಮ್ ಕ್ರೂಸಸ್ ಎಂದು ಹೆಸರು ಬದಲಿಸಿಕೊಂಡ ರಿಸಾರ್ಟ್ಸ್ ವರ್ಲ್ಡ್ ಕ್ರೂಸಸ್ ಸಂಸ್ಥೆಯ ಗೆಂಟಿಂಗ್ ಡ್ರೀಮ್. 2016ರಲ್ಲಿ ಕಟ್ಟಿದ, ಸುಮಾರು 1,50,000 ಗ್ರಾಸ್ ಟನ್‌ಗಳ ಈ ಹಡಗು 2022ರ ಜೂನ್‌ನಿಂದ ಸಿಂಗಪುರವನ್ನು ತನ್ನ ತವರು ಬಂದರಾಗಿ ಮಾಡಿಕೊಂಡಿದೆ. ಇನ್ನೊಂದು, ರಾಯಲ್ ಕೆರಿಬಿಯನ್ ಸಂಸ್ಥೆಯ ಕ್ವಾಂಟಮ್ ವರ್ಗದ ಹಡಗುಗಳು. ಕ್ವಾಂಟಮ್, ಸ್ಪೆಕ್ಟ್ರಮ್, ಆಂಥಮ್ ಹೀಗೆ ಆ ವರ್ಗದ ಬೇರೆ ಬೇರೆ ಹಡಗುಗಳು ಋತುವಿಗೆ ತಕ್ಕಂತೆ ಇಲ್ಲಿಗೆ ಬಂದುಹೋಗಿವೆ. ಇವು ಸುಮಾರು 1,68,000 ಗ್ರಾಸ್ ಟನ್ ಗಾತ್ರದ, 350 ಮೀಟರ್‌ಗೆ ತುಸುವೇ ಕಡಿಮೆ ಉದ್ದದ, ಕ್ಯಾಬಿನ್ನಿಗೆ ಇಬ್ಬರಂತೆ ಲೆಕ್ಕ ಹಾಕಿದರೂ 4,000ಕ್ಕೂ ಹೆಚ್ಚು ಪ್ರಯಾಣಿಕರು ಹಿಡಿಸುವ ಹಡಗುಗಳು. ಗ್ರಾಸ್ ಟನ್ ಎಂಬುದು ತೂಕವಲ್ಲ, ಹಡಗಿನ ಒಳಗಿನ ಒಟ್ಟು ಜಾಗದ ಅಳತೆ. ಎರಡು ಹಡಗುಗಳನ್ನು ಹೋಲಿಸುವಾಗ ಈ ಸಂಖ್ಯೆಯನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ ನೋಡಿದರೆ ತಲೆಗೆ ಎಷ್ಟು ಜಾಗ ದೊರೆಯುತ್ತದೆ ಎಂಬುದರ ಅಂದಾಜು ಸಿಗುತ್ತದೆ.

ವೇಳಾಪಟ್ಟಿ ಓದುವಾಗ ಇಡೀ ದಿನ ಸಮುದ್ರದಲ್ಲಿಯೇ ಕಳೆಯುವ ದಿನ ಒಂದಾದರೂ ಇದೆಯೇ ಎಂದು ನೋಡಿಕೊಳ್ಳಿ. ಮೂರು ರಾತ್ರಿಗಳ ಯಾನದಲ್ಲಿ ಮೊದಲ ಮಧ್ಯಾಹ್ನ ಹತ್ತುವುದಕ್ಕೂ ಕೊನೆಯ ಬೆಳಿಗ್ಗೆ ಇಳಿಯುವುದಕ್ಕೂ ಸಲ್ಲುವುದರಿಂದ, ಕೈಗೆ ಸಿಗುವ ಪೂರ್ತಿ ದಿನಗಳು ಎರಡೇ. ಆ ಎರಡೂ ದಿನ ಬಂದರುಗಳಿದ್ದರೆ ಹಡಗನ್ನು ನೋಡಲು ವೇಳೆಯೇ ಉಳಿಯುವುದಿಲ್ಲ. ಹಿರಿಯರೂ ಚಿಕ್ಕ ಮಕ್ಕಳೂ ಇರುವ ಕುಟುಂಬಕ್ಕೆ ಬಂದರುಗಳು ಕಡಿಮೆಯಿರುವ ನಾಲ್ಕು ರಾತ್ರಿಗಳ ಯಾನವೇ ಮೇಲು.

ಸಮುದ್ರದ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪೆನಾಂಗ್ ಮತ್ತು ಪೋರ್ಟ್ ಕ್ಲಾಂಗ್‌ಗೆ ಹೋಗುವ ಹಡಗು ಮಲಯ ಪರ್ಯಾಯ ದ್ವೀಪಕ್ಕೂ ಸುಮಾತ್ರಾ ದ್ವೀಪಕ್ಕೂ ನಡುವೆ ಇರುವ ಮಲಕ್ಕಾ ಜಲಸಂಧಿಯಲ್ಲಿ ಸಾಗುತ್ತದೆ. ಎರಡೂ ಕಡೆ ನೆಲದ ಆಸರೆಯಿರುವುದರಿಂದ ಇಲ್ಲಿ ಅಲೆಗಳ ಆರ್ಭಟ ಸಾಮಾನ್ಯವಾಗಿ ಕಡಿಮೆ, ಆದ್ದರಿಂದ ಮೊದಲ ಸಲ ಹಡಗು ಹತ್ತುವವರಿಗೆ ಈ ಮಾರ್ಗ ತುಂಬ ಹಿತವಾದುದು. ಫುಕೆಟ್ ಇರುವ ಅಂಡಮಾನ್ ಸಮುದ್ರ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ನೈಋತ್ಯ ಮುಂಗಾರಿಗೆ ತೆರೆದುಕೊಂಡಿರುತ್ತದೆ. ಆ ತಿಂಗಳುಗಳಲ್ಲಿ ಹೊರಡುವವರು, ಅದರಲ್ಲೂ ವಾಕರಿಕೆಯ ತೊಂದರೆಯಿರುವವರು, ಪೆನಾಂಗ್ ಮಾರ್ಗವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಕ್ಯಾಬಿನ್ ಎಲ್ಲಿರಬೇಕು

ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್, ಕಿಟಕಿಯಿರುವುದು, ಬಾಲ್ಕನಿ ಇರುವುದು, ಹೆಚ್ಚು ಜಾಗವಿರುವ ಸ್ವೀಟ್ ಎಂದು ನಾಲ್ಕು ದರ್ಜೆಗಳಿರುತ್ತವೆ. ದರ್ಜೆಗಿಂತ ಮುಖ್ಯವಾದುದು ಕ್ಯಾಬಿನ್ ಹಡಗಿನ ಯಾವ ಭಾಗದಲ್ಲಿದೆ ಎಂಬುದು. ತೂಗಾಟ ಹಡಗಿನ ಮುಂತುದಿ ಹಾಗೂ ಹಿಂತುದಿಗಳಲ್ಲಿ ಹೆಚ್ಚು, ಮೇಲಿನ ಡೆಕ್‌ಗಳಲ್ಲಿ, ಅಂದರೆ ಅಂತಸ್ತುಗಳಲ್ಲಿ, ಇನ್ನೂ ಹೆಚ್ಚು. ನಡುಭಾಗದ ಕೆಳ ಡೆಕ್‌ಗಳಲ್ಲಿ ಅದು ತೀರ ಕಡಿಮೆ. ಹಡಗಿನ ನಕ್ಷೆ ಸಂಸ್ಥೆಯ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ನಿಮಗೆ ಸೂಚಿಸಿದ ಕ್ಯಾಬಿನ್ನಿನ ಮೇಲಿನ ಡೆಕ್‌ನಲ್ಲಿಯೂ ಕೆಳಗಿನ ಡೆಕ್‌ನಲ್ಲಿಯೂ ಕ್ಯಾಬಿನ್‌ಗಳೇ ಇವೆಯೇ ಎಂದು ಅದರಲ್ಲಿ ನೋಡಿಕೊಳ್ಳಿ. ಮೇಲೆ ಈಜುಕೊಳದ ಅಂಗಳವಿದ್ದರೆ ಬೆಳಗಿನ ಜಾವಕ್ಕೇ ಕುರ್ಚಿ ಎಳೆಯುವ ಸದ್ದು ಕೇಳಿಸುತ್ತದೆ, ಕೆಳಗೆ ಸಂಗೀತದ ಸಭಾಂಗಣವಿದ್ದರೆ ನಡುರಾತ್ರಿಯವರೆಗೆ ನಿದ್ದೆಯಿಲ್ಲ.

ಒಂದೇ ಕ್ಯಾಬಿನ್ನಿನಲ್ಲಿ ನಾಲ್ವರಿಗೆ ಅವಕಾಶವಿದೆ ಎಂದರೆ, ಇಬ್ಬರಿಗೆ ಸೋಫಾ ಬಿಚ್ಚಿ ಮಾಡಿದ ಹಾಸಿಗೆಯೋ ಚಾವಣಿಯಿಂದ ಇಳಿಸುವ ಮಂಚವೋ ಸಿಗುತ್ತದೆ ಎಂದರ್ಥ. ರಾತ್ರಿ ಅವನ್ನು ಬಿಚ್ಚಿದ ಮೇಲೆ ಓಡಾಡಲು ಜಾಗವಿರುವುದಿಲ್ಲ. ಅರವತ್ತು ದಾಟಿದವರನ್ನು ಏಣಿ ಹತ್ತಿಸುವ ಬದಲು, ನಡುವೆ ಬಾಗಿಲಿರುವ ಎರಡು ಕ್ಯಾಬಿನ್‌ಗಳನ್ನು ಕೇಳಿ ಪಡೆಯಿರಿ. ಒಳಗಿನ ದರ್ಜೆಯ ಎರಡು ಕ್ಯಾಬಿನ್‌ಗಳ ಬೆಲೆ ಬಾಲ್ಕನಿಯಿರುವ ಒಂದಕ್ಕಿಂತ ಬಹಳ ಹೆಚ್ಚಾಗದೆ ಇರುವ ಸಂದರ್ಭಗಳೂ ಉಂಟು. ಆದರೂ ಕುಟುಂಬದಲ್ಲಿ ಹೆಚ್ಚು ನಡೆಯಲಾರದ ಹಿರಿಯರಿದ್ದರೆ ಅವರಿಗೊಂದು ಬಾಲ್ಕನಿ ದೊರಕಿಸಿಕೊಡಲು ಪ್ರಯತ್ನಿಸಬೇಕು ಎನ್ನುತ್ತೇನೆ, ಏಕೆಂದರೆ ಸಮುದ್ರ ನೋಡಲು ಅವರು ಎಲ್ಲಿಗೂ ನಡೆದುಹೋಗಬೇಕಾಗುವುದಿಲ್ಲ. ಸಿಂಗಪುರದಿಂದ ಪೆನಾಂಗ್ ಕಡೆಗೆ ಹಡಗು ವಾಯವ್ಯ ದಿಕ್ಕಿನಲ್ಲಿ ಸಾಗುವುದರಿಂದ ಹೋಗುವಾಗ ಸೂರ್ಯಾಸ್ತ ಎಡಬದಿಯಲ್ಲಿಯೂ ಬರುವಾಗ ಬಲಬದಿಯಲ್ಲಿಯೂ ಕಾಣುತ್ತದೆ. ಚಿಕ್ಕ ಮಕ್ಕಳಿರುವ ಕ್ಯಾಬಿನ್ನಿನಲ್ಲಿ ಬಾಲ್ಕನಿಯ ಬಾಗಿಲಿನ ಮೇಲಿನ ಚಿಲಕವನ್ನು ಸದಾ ಹಾಕಿರಬೇಕು, ಕುರ್ಚಿ-ಮೇಜುಗಳನ್ನು ಕಟಾಂಜನದಿಂದ ದೂರ ಸರಿಸಿಡಬೇಕು.

ಕಾಗದಪತ್ರಗಳೂ ಹಣವೂ

ಹಡಗು ಸಿಂಗಪುರದಿಂದ ಹೊರಟ ಕ್ಷಣವೇ ನೀವು ಆ ದೇಶವನ್ನು ಬಿಟ್ಟಂತೆ, ಮರಳಿದಾಗ ಹೊಸದಾಗಿ ಪ್ರವೇಶಿಸಿದಂತೆ. ಆದ್ದರಿಂದ ಸಿಂಗಪುರದ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಅವಕಾಶ ಕೊಡುವಂಥದ್ದೇ ಎಂದು ಮುದ್ರಿತ ಪ್ರತಿಯಲ್ಲಿ ಓದಿ ಖಚಿತಪಡಿಸಿಕೊಳ್ಳಿ. ಸಿಂಗಪುರಕ್ಕೆ ಬರುವ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ತುಂಬಬೇಕಾದ ಆಗಮನ ಪತ್ರವನ್ನು ವಿಮಾನದಲ್ಲಿ ಬರುವಾಗ ಒಮ್ಮೆ, ಹಡಗಿನಲ್ಲಿ ಮರಳುವಾಗ ಇನ್ನೊಮ್ಮೆ ತುಂಬಬೇಕು. ಎರಡನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿದ್ದರೂ ಅದರದೇ ಡಿಜಿಟಲ್ ಆಗಮನ ಪತ್ರವಿದೆ. ಥಾಯ್ಲೆಂಡಿನ ನಿಯಮಗಳು ಆಗಾಗ ಬದಲಾಗುತ್ತಿರುವುದರಿಂದ ಹೊರಡುವ ತಿಂಗಳಿನಲ್ಲಿಯೇ ಅಧಿಕೃತ ತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳುವುದು ಅಗತ್ಯ. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಹತ್ತುವಾಗ ಪಡೆದು ಇಳಿಯುವ ಮುನ್ನ ಮರಳಿಸುತ್ತಾರೆ. ಅದರ ಪ್ರತಿಯೂ ಫೋನಿನಲ್ಲಿ ಚಿತ್ರವೂ ಇರಲಿ.

ಗರ್ಭಿಣಿಯರಿಗೆ ಯಾನ ಮುಗಿಯುವ ದಿನದ ಹೊತ್ತಿಗೆ 24 ವಾರ ತುಂಬುವಂತಿದ್ದರೆ ರಾಯಲ್ ಕೆರಿಬಿಯನ್‌ನಂಥ ಸಂಸ್ಥೆಗಳು ಹತ್ತಿಸಿಕೊಳ್ಳುವುದಿಲ್ಲ. ಸಾಮಾನ್ಯ ಯಾನಗಳಲ್ಲಿ ಕೂಸಿಗೆ ಕನಿಷ್ಠ ಆರು ತಿಂಗಳಾಗಿರಬೇಕು. ಹಡಗಿನಲ್ಲಿ ವೈದ್ಯರೂ ಚಿಕಿತ್ಸಾ ಕೇಂದ್ರವೂ ಇರುತ್ತವೆ, ಆದರೆ ಅಲ್ಲಿನ ಶುಲ್ಕ ಟಿಕೆಟ್ಟಿನಲ್ಲಿ ಸೇರಿಲ್ಲ. ಕ್ರೂಸ್ ಪ್ರಯಾಣವನ್ನೂ ತುರ್ತು ಸ್ಥಳಾಂತರವನ್ನೂ ಒಳಗೊಂಡ ವಿಮೆಯನ್ನು, ಮುಖ್ಯವಾಗಿ ಹಿರಿಯರಿಗೆ, ಮಾಡಿಸಲೇಬೇಕು.

ಹಡಗಿನೊಳಗೆ ನಗದು ನಡೆಯುವುದಿಲ್ಲ. ಹತ್ತುವಾಗ ಕೊಡುವ ಕೀ ಕಾರ್ಡೇ ಕ್ಯಾಬಿನ್ನಿನ ಬೀಗದ ಕೈ, ಅದೇ ಗುರುತಿನ ಚೀಟಿ, ಖರ್ಚೂ ಅದರ ಮೇಲೆಯೇ. ಲೆಕ್ಕ ರಾಯಲ್ ಕೆರಿಬಿಯನ್‌ನಲ್ಲಿ ಅಮೆರಿಕದ ಡಾಲರ್‌ನಲ್ಲಿಯೂ ಗೆಂಟಿಂಗ್ ಡ್ರೀಮ್‌ನಲ್ಲಿ ಸಿಂಗಪುರ ಡಾಲರ್‌ನಲ್ಲಿಯೂ ನಡೆಯುತ್ತದೆ. ಸಿಬ್ಬಂದಿಯ ಸೇವಾ ಶುಲ್ಕವನ್ನು ಪ್ರತಿ ವ್ಯಕ್ತಿಗೆ ಪ್ರತಿದಿನದ ಲೆಕ್ಕದಲ್ಲಿ ವಿಧಿಸುತ್ತಾರೆ, ಮಕ್ಕಳೂ ಇದಕ್ಕೆ ಹೊರತಲ್ಲ. ಆರು ಜನರ ಕುಟುಂಬಕ್ಕೆ ನಾಲ್ಕು ರಾತ್ರಿಗಳಿಗೆ ಇದು ದೊಡ್ಡ ಮೊತ್ತವೇ ಆಗುವುದರಿಂದ ಟಿಕೆಟ್ ಕೊಳ್ಳುವಾಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮಕ್ಕಳ ಕಾರ್ಡಿನಿಂದ ಖರೀದಿ ಮಾಡಲಾಗದಂತೆ ಮೊದಲ ದಿನವೇ ಸ್ವಾಗತ ಕಚೇರಿಯಲ್ಲಿ ಹೇಳಿಸಿ ತಡೆಯಬಹುದು.

ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು

ಹಡಗಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರುವುದು ಬೆಂಕಿಗೆ. ಇಸ್ತ್ರಿ ಪೆಟ್ಟಿಗೆ, ವಿದ್ಯುತ್ ಕೆಟಲ್, ರೈಸ್ ಕುಕ್ಕರ್, ಮೇಣದ ಬತ್ತಿ, ಊದುಬತ್ತಿ, ಕರ್ಪೂರ ಇವೆಲ್ಲವನ್ನು ತಪಾಸಣೆಯಲ್ಲಿ ತೆಗೆದಿರಿಸುತ್ತಾರೆ. ನಿತ್ಯ ಪೂಜೆ ಮಾಡುವ ಹಿರಿಯರಿಗೆ ಇದನ್ನು ಮನೆಯಲ್ಲಿಯೇ ತಿಳಿಸಿ, ಬ್ಯಾಟರಿಯ ಪುಟ್ಟ ದೀಪವೊಂದನ್ನು ಕಟ್ಟಿಕೊಟ್ಟರೆ ಅವರ ಮನಸ್ಸಿಗೆ ಸಮಾಧಾನವಾಗುತ್ತದೆ. ಮನೆಯಲ್ಲಿ ಮಾಡಿದ ಚಕ್ಕುಲಿ-ಕೋಡುಬಳೆಗಳಿಗೂ ಸಾಮಾನ್ಯವಾಗಿ ಅನುಮತಿ ಇಲ್ಲ, ಅಂಗಡಿಯಿಂದ ತಂದ ಒಡೆಯದ ಪೊಟ್ಟಣಗಳನ್ನು ಬಹುತೇಕ ಬಿಡುತ್ತಾರೆ. ಉಪ್ಪಿನಕಾಯಿ, ಚಟ್ನಿಪುಡಿಯ ಸಣ್ಣ ಪೊಟ್ಟಣಗಳು, ಇನ್‌ಸ್ಟಂಟ್ ಕಾಫಿಯ ಚೀಟಿಗಳು ಇದ್ದರೆ ಸಾಕು. ಬಿಸಿನೀರೂ ಹಾಲೂ ಬಫೆಯಲ್ಲಿ ಸಿಗುತ್ತವೆ.

ಕ್ಯಾಬಿನ್ನಿನ ಗೋಡೆಗಳು ಉಕ್ಕಿನವು. ಹೀಗಾಗಿ ಅಯಸ್ಕಾಂತವಿರುವ ನಾಲ್ಕಾರು ಕೊಕ್ಕೆಗಳನ್ನು ಒಯ್ದರೆ ಒದ್ದೆ ಬಟ್ಟೆ, ಟೋಪಿ, ಚೀಲಗಳನ್ನು ತೂಗುಹಾಕಲು ಬರುತ್ತವೆ. ಸಣ್ಣ ಕೋಣೆಯಲ್ಲಿ ಇದರಿಂದ ಸಿಗುವ ಅನುಕೂಲ ದೊಡ್ಡದು. ಊಟದ ಸಭಾಂಗಣದಲ್ಲೂ ರಂಗಮಂದಿರದಲ್ಲೂ ಹವಾನಿಯಂತ್ರಣದ ಚಳಿ ಗಟ್ಟಿಯಾಗಿರುತ್ತದೆ, ಹಿರಿಯರಿಗೆ ಶಾಲೋ ಸ್ವೆಟರೋ ಬೇಕು. ಒಂದು ರಾತ್ರಿಯ ಊಟಕ್ಕೆ ಔಪಚಾರಿಕ ಉಡುಪು ಧರಿಸಬೇಕೆಂದು ಸೂಚನೆ ಇರಬಹುದು. ಅದಕ್ಕಾಗಿ ಕೋಟು ಕೊಳ್ಳಬೇಕಾಗಿಲ್ಲ, ರೇಷ್ಮೆ ಸೀರೆಗೂ ಪಂಚೆ-ಜುಬ್ಬಕ್ಕೂ ಅಲ್ಲಿ ಸಲ್ಲುವ ಗೌರವ ಕಡಿಮೆಯದಲ್ಲ.

ಹತ್ತುವ ದಿನ

ಯಾನದ ದಿನವೇ ವಿಮಾನದಲ್ಲಿ ಬಂದಿಳಿಯುವ ಯೋಜನೆ ಬೇಡ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ; ಹಿಂದಿನ ದಿನವೇ ಬಂದು ಒಂದು ರಾತ್ರಿ ಉಳಿಯಿರಿ. ಸಿಂಗಪುರದಲ್ಲಿ ಎರಡು ಕ್ರೂಸ್ ನಿಲ್ದಾಣಗಳಿವೆ. 2012ರಲ್ಲಿ ಆರಂಭವಾದ ಮರೀನಾ ಬೇ ಕ್ರೂಸ್ ಸೆಂಟರ್‌ಗೆ ದೊಡ್ಡ ಹಡಗುಗಳು ಬರುತ್ತವೆ, ಅದಕ್ಕೆ ಹತ್ತಿರದ ಮೆಟ್ರೊ ನಿಲ್ದಾಣ ಮರೀನಾ ಸೌತ್ ಪಿಯರ್. ಇನ್ನೊಂದು ಹಾರ್ಬರ್‌ಫ್ರಂಟ್‌ನಲ್ಲಿರುವ ಸಿಂಗಪುರ ಕ್ರೂಸ್ ಸೆಂಟರ್. ಟ್ಯಾಕ್ಸಿ ಹತ್ತಿದ ಕೂಡಲೇ ಬರೀ ಕ್ರೂಸ್ ಸೆಂಟರ್ ಎನ್ನದೆ ಟಿಕೆಟ್ಟಿನಲ್ಲಿರುವ ಹೆಸರನ್ನು ಪೂರ್ತಿ ಹೇಳಿ.

ಸಂಸ್ಥೆಯ ಆ್ಯಪ್‌ನಲ್ಲಿ ಮೊದಲೇ ಚೆಕ್-ಇನ್ ಮಾಡಿದರೆ ಹತ್ತುವ ಸಮಯವನ್ನು ಆರಿಸಿಕೊಳ್ಳಬಹುದು. ಬೇಗನೆ ಮಾಡಿದವರಿಗೆ ಬೇಗನೆಯ ಸಮಯ ಸಿಗುತ್ತದೆ. ನಿಲ್ದಾಣದಲ್ಲಿ ಕೊಟ್ಟ ದೊಡ್ಡ ಪೆಟ್ಟಿಗೆಗಳು ಕ್ಯಾಬಿನ್ನಿನ ಬಾಗಿಲಿಗೆ ಬರುವ ಹೊತ್ತಿಗೆ ಸಂಜೆಯಾಗಬಹುದು. ಆದ್ದರಿಂದ ಕೈಚೀಲದಲ್ಲಿ ಪಾಸ್‌ಪೋರ್ಟು, ಔಷಧಗಳು, ಚಾರ್ಜರ್ ಇವುಗಳ ಜೊತೆಗೆ ಮಕ್ಕಳ ಈಜುಡುಪುಗಳೂ ಇರಲಿ. ಹತ್ತಿದ ಮೊದಲ ಎರಡು ಗಂಟೆ ಎಲ್ಲರೂ ಬಫೆಯಲ್ಲಿಯೇ ಇರುತ್ತಾರೆ, ಆ ಹೊತ್ತಿನಲ್ಲಿ ಈಜುಕೊಳ ಬಹುಪಾಲು ಖಾಲಿ.

ಆ ಮಧ್ಯಾಹ್ನವೇ ಎರಡು ಕೆಲಸಗಳನ್ನು ಮುಗಿಸಿಬಿಡಬೇಕು. ಮೊದಲನೆಯದು, ರಂಗಮಂದಿರದ ಪ್ರದರ್ಶನಗಳಿಗೂ ಸರತಿಯ ಆಕರ್ಷಣೆಗಳಿಗೂ ಆ್ಯಪ್‌ನಲ್ಲಿ ಜಾಗ ಕಾದಿರಿಸುವುದು. ಎರಡನೆಯದು, ಮಕ್ಕಳನ್ನೂ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹಡಗನ್ನೊಮ್ಮೆ ನಡೆದು ನೋಡುವುದು. ಕ್ಯಾಬಿನ್ ಸಂಖ್ಯೆಯ ಮೊದಲ ಅಂಕೆಗಳು ಡೆಕ್ಕನ್ನು ಸೂಚಿಸುತ್ತವೆ ಎಂದು ಹೇಳಿಕೊಡಿ. ಯಾವ ಲಿಫ್ಟಿನ ಗುಂಪು ಮುಂದಿನದು, ಯಾವುದು ಹಿಂದಿನದು ಎಂದು ತೋರಿಸಿ. ಕ್ಯಾಬಿನ್ನಿನಿಂದ ಊಟದ ಸಭಾಂಗಣಕ್ಕೆ ಹೋಗಿಬರುವುದನ್ನು ಅಜ್ಜಿಯಿಂದಲೇ ಮಾಡಿಸಿದರೆ, ಮರುದಿನದಿಂದ ಅವರು ಯಾರನ್ನೂ ಕಾಯದೆ ತಮ್ಮ ಪಾಡಿಗೆ ತಾವು ಓಡಾಡಬಲ್ಲರು.

ಸುರಕ್ಷಾ ಅಭ್ಯಾಸ

ಹಡಗು ಹೊರಡುವ ಮುನ್ನ ಪ್ರತಿಯೊಬ್ಬರೂ ತುರ್ತಿನಲ್ಲಿ ಸೇರಲೆಂದು ತಮಗೆ ಗೊತ್ತುಪಡಿಸಿದ ಜಾಗಕ್ಕೆ ಹೋಗಿ ಹಾಜರಿ ಹಾಕಬೇಕು. ಸಮುದ್ರಯಾನದ ಸುರಕ್ಷೆಯ ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿದ್ದೇ 1912ರ ಟೈಟಾನಿಕ್ ದುರಂತದ ನಂತರ. ಈ ಅಭ್ಯಾಸ ಹೊರಡುವ ಮೊದಲೇ ಇಲ್ಲವೆ ಹೊರಟ ಕೂಡಲೇ ನಡೆಯಬೇಕೆಂಬ ಇಂದಿನ ಕಟ್ಟುನಿಟ್ಟು ಬಂದದ್ದು, ಇಟಲಿಯ ಜಿಲ್ಯೊ ದ್ವೀಪದ ಬಳಿ 2012ರ ಜನವರಿ 13ರಂದು ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಮಂದಿ ಸತ್ತ ಮೇಲೆ. ಆ ಹಡಗಿಗೆ ಅಂದೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಇನ್ನೂ ಅಭ್ಯಾಸ ಆಗಿರಲಿಲ್ಲ. ಇದನ್ನು ಮಕ್ಕಳಿಗೆ ಹೆದರಿಕೆಯಾಗದಂತೆ ವಿವರಿಸಿ ಹೇಳಬೇಕು. ಏಳು ಗಿಡ್ಡ ಸೀಟಿ, ಕೊನೆಯಲ್ಲಿ ಒಂದು ಉದ್ದ ಸೀಟಿ ಕೇಳಿಸಿದರೆ ತುರ್ತು ಸಂಕೇತ. ಆಗ ಲಿಫ್ಟು ಬಳಸಬಾರದು, ಸಾಮಾನು ತರಲು ಹಿಂದಿರುಗಬಾರದು. ಮಕ್ಕಳ ಕೈಗೆ ಕಟ್ಟುವ ಪಟ್ಟಿಯಲ್ಲಿ ಅವರ ಸೇರುವ ಜಾಗದ ಸಂಕೇತವಿದ್ದರೆ ಯಾನ ಮುಗಿಯುವವರೆಗೆ ಅದನ್ನು ಬಿಚ್ಚಬೇಡಿ, ಏಕೆಂದರೆ ಮಗು ಆಟದ ಕೋಣೆಯಲ್ಲಿರುವಾಗ ಸಂಕೇತ ಮೊಳಗಿದರೆ ಸಿಬ್ಬಂದಿ ಆ ಪಟ್ಟಿ ನೋಡಿಯೇ ಕರೆದೊಯ್ಯುತ್ತಾರೆ.

ಊಟ

ದೊಡ್ಡ ಹಡಗಿನಲ್ಲಿ ಟಿಕೆಟ್ಟಿನೊಳಗೇ ಸೇರಿದ ಊಟ ಮುಖ್ಯವಾಗಿ ಎರಡು ಕಡೆ ಸಿಗುತ್ತದೆ: ಬಡಿಸುವ ವ್ಯವಸ್ಥೆಯಿರುವ ಮುಖ್ಯ ಭೋಜನ ಸಭಾಂಗಣ ಮತ್ತು ಬಫೆ. ಇವಲ್ಲದ ವಿಶೇಷ ಹೋಟೆಲುಗಳಿಗೆ ಬೇರೆ ಹಣ ಕೊಡಬೇಕು. ಸಿಂಗಪುರದ ಯಾನಗಳಲ್ಲಿ ಭಾರತೀಯ ಪ್ರಯಾಣಿಕರು ಬಹಳ ಇರುವುದರಿಂದ ಅನ್ನ, ದಾಲ್, ರೊಟ್ಟಿ, ಪಲ್ಯಗಳಿಗೆ ಕೊರತೆಯಿಲ್ಲ. ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಊಟವನ್ನೋ ಜೈನ ಊಟವನ್ನೋ ಬುಕಿಂಗ್ ಸಮಯದಲ್ಲಿಯೇ ಬರೆಸಿ, ಹತ್ತಿದ ದಿನ ಊಟದ ಸಭಾಂಗಣದ ಮೇಲ್ವಿಚಾರಕರನ್ನು ಕಂಡು ಮತ್ತೊಮ್ಮೆ ಹೇಳಬೇಕು. ಆಗ್ನೇಯ ಏಷ್ಯಾದ ಅಡುಗೆಯಲ್ಲಿ ತರಕಾರಿಯ ಪದಾರ್ಥಕ್ಕೂ ಮೀನಿನ ಸಾಸ್ ಇಲ್ಲವೆ ಆಯಿಸ್ಟರ್ ಸಾಸ್ ಬೆರೆಸುವ ವಾಡಿಕೆ ಇರುವುದರಿಂದ, ಕಟ್ಟಾ ಸಸ್ಯಾಹಾರಿಗಳು ನೂಡಲ್ಸ್ ಮತ್ತು ಹುರಿದ ತರಕಾರಿಗಳ ಬಗ್ಗೆ ಕೇಳಿಕೊಂಡೇ ಬಡಿಸಿಕೊಳ್ಳುವುದು ಕ್ಷೇಮ.

ಬೆಳಿಗ್ಗೆಯೂ ಮಧ್ಯಾಹ್ನವೂ ಯಾರು ಎಲ್ಲಿ ತಿಂದರೂ ಸರಿ, ರಾತ್ರಿಯೂಟ ಮಾತ್ರ ಭೋಜನ ಸಭಾಂಗಣದಲ್ಲಿ, ಎಲ್ಲರೂ ಒಟ್ಟಿಗೆ, ದಿನವೂ ಅದೇ ಹೊತ್ತಿಗೆ. ಸಾಧ್ಯವಾದರೆ ದಿನವೂ ಅದೇ ಮೇಜನ್ನು ಕೇಳಿ ಪಡೆಯಿರಿ. ಎರಡನೆಯ ರಾತ್ರಿಗಾಗಲೇ ಬಡಿಸುವವರಿಗೆ ತಾತನಿಗೆ ಖಾರ ಆಗದು, ಮೊಮ್ಮಗನಿಗೆ ಮೊಸರನ್ನ ಬೇಕು ಎಂಬುದೆಲ್ಲ ತಿಳಿದಿರುತ್ತದೆ. ಹಗಲೆಲ್ಲ ಬೇರೆ ಬೇರೆ ಕಡೆಗಳಲ್ಲಿದ್ದವರು ತಾವು ಕಂಡದ್ದನ್ನು ಹೇಳಿಕೊಳ್ಳುವ ಹೊತ್ತು ಇದೇ ಆದ್ದರಿಂದ, ನನ್ನ ಮಟ್ಟಿಗೆ ಇದು ಇಡೀ ಯಾನದಲ್ಲಿ ಬಿಟ್ಟುಕೊಡಬಾರದ ಒಂದು ಗಂಟೆ.

ಊಟಕ್ಕೆ ಮುನ್ನ ಸೋಪು ಹಾಕಿ ಕೈ ತೊಳೆಯಿರಿ. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೊರೊವೈರಸ್ ಸ್ಯಾನಿಟೈಸರ್‌ಗೆ ಸುಲಭವಾಗಿ ಸಾಯುವುದಿಲ್ಲ.

ಸಮುದ್ರದ ಮೇಲಿನ ದಿನ

ಯಾವ ಬಂದರೂ ಇಲ್ಲದ ಈ ದಿನಕ್ಕಾಗಿಯೇ ಇಷ್ಟು ಸಿದ್ಧತೆ. ಹಿಂದಿನ ರಾತ್ರಿಯೇ ಮರುದಿನದ ಕಾರ್ಯಕ್ರಮ ಪಟ್ಟಿಯನ್ನು ಊಟದ ಮೇಜಿನಲ್ಲಿ ಓದಿ, ಪ್ರತಿಯೊಬ್ಬರೂ ತಮಗೆ ಬೇಕಾದ ಒಂದನ್ನೋ ಎರಡನ್ನೋ ಮಾತ್ರ ಆರಿಸಿಕೊಳ್ಳಲಿ. ಪಟ್ಟಿಯಲ್ಲಿ ಹತ್ತಾರು ಕಾರ್ಯಕ್ರಮಗಳಿರುತ್ತವೆ, ಎಲ್ಲವನ್ನೂ ಹಿಡಿಯಲು ಹೊರಟವರು ಒಂದನ್ನೂ ನೆಮ್ಮದಿಯಿಂದ ನೋಡುವುದಿಲ್ಲ.

ದಿನವನ್ನು ಸೂರ್ಯೋದಯದಿಂದ ಆರಂಭಿಸುವುದು ಮೇಲು, ಅದಕ್ಕೆ ಬಹಳ ಬೇಗ ಏಳಬೇಕಾಗಿಯೂ ಇಲ್ಲ. ಭೂಮಧ್ಯರೇಖೆಗೆ ಹತ್ತಿರವಿರುವ ಸಿಂಗಪುರದ ಗಡಿಯಾರದಲ್ಲಿ ವರ್ಷವಿಡೀ ಬೆಳಿಗ್ಗೆ ಏಳರ ಆಸುಪಾಸಿಗೆ ಸೂರ್ಯ ಹುಟ್ಟುತ್ತಾನೆ, ಸಂಜೆ ಏಳರ ಆಸುಪಾಸಿಗೆ ಮುಳುಗುತ್ತಾನೆ. ಆ ಹೊತ್ತಿನಲ್ಲಿ ನಡಿಗೆಯ ಡೆಕ್‌ನಲ್ಲಿ ಜನ ಕಡಿಮೆ. ದಿನನಿತ್ಯ ಉದ್ಯಾನದಲ್ಲಿ ನಡೆಯುವ ಅಭ್ಯಾಸವಿರುವ ಹಿರಿಯರಿಗೆ ಇಲ್ಲಿ ಸಿಗುವ ಗಾಳಿಯೂ ಸಮತಟ್ಟಾದ ದಾರಿಯೂ ಬೇರೆಡೆ ಸಿಗಲಾರವು. ಮಲಕ್ಕಾ ಜಲಸಂಧಿ ಜಗತ್ತಿನಲ್ಲೇ ಅತಿ ಹೆಚ್ಚು ಹಡಗುಗಳು ಓಡಾಡುವ ಜಲಮಾರ್ಗಗಳಲ್ಲಿ ಒಂದು. ತೈಲ ಹೊತ್ತವು, ಕಂಟೇನರ್ ಹೇರಿದವು, ಮೀನುಗಾರರ ಸಣ್ಣ ದೋಣಿಗಳು ಸಾಲುಸಾಲಾಗಿ ಕಾಣಿಸುತ್ತವೆ. ಒಂದು ಸಾಧಾರಣ ದುರ್ಬೀನು ಕೈಯಲ್ಲಿದ್ದರೆ ಮಕ್ಕಳು ಗಂಟೆಗಟ್ಟಲೆ ಅಲುಗಾಡುವುದಿಲ್ಲ. ಹಡಗು ಈಗ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬ ನಕ್ಷೆ ಕ್ಯಾಬಿನ್ನಿನ ಟಿವಿಯಲ್ಲೇ ಬರುತ್ತದೆ. ಒಂದು ಕಾಗದದ ಭೂಪಟ ಒಯ್ದು ಮಕ್ಕಳಿಂದ ಗುರುತು ಹಾಕಿಸಿದರೆ ಪಾಠದಲ್ಲಿ ಓದಿದ ಜಲಸಂಧಿ, ಪರ್ಯಾಯ ದ್ವೀಪಗಳೆಲ್ಲ ಅವರಿಗೆ ಕಣ್ಣೆದುರಿನ ವಸ್ತುಗಳಾಗುತ್ತವೆ.

ಬೆಳಗಿನ ತಿಂಡಿಯಾದ ಮೇಲೆ ಕುಟುಂಬ ಚದುರಬಹುದು. ಮಕ್ಕಳ ಕ್ಲಬ್ಬುಗಳಲ್ಲಿ ವಯಸ್ಸಿಗೆ ತಕ್ಕ ಗುಂಪುಗಳಿರುತ್ತವೆ. ರಾಯಲ್ ಕೆರಿಬಿಯನ್‌ನಲ್ಲಿ ಮೂರು ವರ್ಷ ತುಂಬಿ, ಶೌಚದ ಅಭ್ಯಾಸವಾಗಿರುವ ಮಕ್ಕಳನ್ನು ಹಗಲಿನಲ್ಲಿ ಶುಲ್ಕವಿಲ್ಲದೆ ಸೇರಿಸಿಕೊಳ್ಳುತ್ತಾರೆ. ಮೊದಲ ಸಲ ಬಿಡುವಾಗ ಅರ್ಧ ಗಂಟೆಗೆ ಮರಳಿ ಬಂದು ನೋಡಿ, ಮಗುವಿಗೆ ಒಗ್ಗಿದರೆ ಹೆಚ್ಚು ಹೊತ್ತು ಬಿಡಬಹುದು. ಒಗ್ಗದ ಮಗುವನ್ನು ಒತ್ತಾಯಿಸಿ ಬಿಡುವುದು ನನಗೆ ಸರಿಯೆನಿಸುವುದಿಲ್ಲ. ಡೈಪರ್ ಕಟ್ಟಿದ ಕೂಸುಗಳಿಗೆ ಸಾಮಾನ್ಯ ಈಜುಕೊಳದಲ್ಲಿ ಅನುಮತಿಯಿಲ್ಲ, ಈಜಲೆಂದೇ ಮಾಡಿದ ಡೈಪರ್‌ಗೂ ಇದೇ ನಿಯಮ ಅನ್ವಯಿಸುತ್ತದೆ. ಕೊಳದ ಬಳಿ ರಕ್ಷಕರು ಇರಲಿ ಇಲ್ಲದಿರಲಿ, ನೀರಿನಲ್ಲಿರುವ ಮಗುವಿನ ಮೇಲೆ ಕಣ್ಣಿಟ್ಟಿರಲು ದೊಡ್ಡವರೊಬ್ಬರನ್ನು ಹೆಸರು ಹೇಳಿ ನೇಮಿಸಬೇಕು. ಎಲ್ಲರೂ ನೋಡಿಕೊಳ್ಳುತ್ತಿದ್ದಾರೆ ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ.

ಹದಿಹರೆಯದವರಿಗೆ ಕ್ವಾಂಟಮ್ ವರ್ಗದ ಹಡಗುಗಳಲ್ಲಿ ಬೇಕಾದಷ್ಟಿದೆ: ಕೃತಕ ಅಲೆಯ ಮೇಲೆ ಹಲಗೆ ಹಿಡಿದು ಆಡುವ ಫ್ಲೋರೈಡರ್, ಗಾಳಿಯ ಕೊಳವೆಯಲ್ಲಿ ತೇಲುವ ಐಫ್ಲೈ, ಒಳಾಂಗಣದಲ್ಲೇ ಡಿಕ್ಕಿ ಕಾರುಗಳು. ಈ ಹಡಗುಗಳ ಮೇಲ್ತುದಿಯಲ್ಲಿರುವ ನಾರ್ತ್ ಸ್ಟಾರ್ ಎಂಬ ಗಾಜಿನ ಗೂಡು ಉದ್ದನೆಯ ಉಕ್ಕಿನ ತೋಳಿನ ತುದಿಯಲ್ಲಿ ಸಮುದ್ರಮಟ್ಟದಿಂದ ಸುಮಾರು 90 ಮೀಟರ್ ಎತ್ತರಕ್ಕೆ ಏರುತ್ತದೆ. ಇಡೀ ಕುಟುಂಬ ಒಟ್ಟಾಗಿ ಮಾಡತಕ್ಕದ್ದು ಇದೊಂದು. ಗಾಳಿ ಜೋರಾಗಿದ್ದರೆ ಇದನ್ನು ನಿಲ್ಲಿಸಿಬಿಡುತ್ತಾರಾದ್ದರಿಂದ ಕೊನೆಯ ದಿನಕ್ಕೆ ಉಳಿಸಿಕೊಳ್ಳದೆ ಮೊದಲೇ ಕಾದಿರಿಸಿ.

ಒಬ್ಬರನ್ನೊಬ್ಬರು ಹುಡುಕುವ ಪ್ರಶ್ನೆ ಇಲ್ಲಿ ನಿಜವಾಗಿಯೂ ದೊಡ್ಡದು. ಹಡಗು ದಡ ಬಿಟ್ಟ ಕೂಡಲೇ ಎಲ್ಲ ಫೋನುಗಳನ್ನೂ ಏರ್‌ಪ್ಲೇನ್ ಮೋಡಿಗೆ ಹಾಕಬೇಕು. ಇಲ್ಲದಿದ್ದರೆ ಫೋನು ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿಯೇ ಸೇರಿಕೊಂಡು, ಸಾಮಾನ್ಯ ರೋಮಿಂಗ್ ಪ್ಯಾಕ್‌ಗೆ ಒಳಪಡದ ಭಾರಿ ಶುಲ್ಕ ಬೀಳುತ್ತದೆ. ವೈ-ಫೈ ಬೇಕೆಂದರೆ ಒಬ್ಬರ ಹೆಸರಿನಲ್ಲಿ ಕೊಂಡರೆ ಸಾಕು. ಎರಡು ಸುಲಭ ಉಪಾಯಗಳು ಫೋನಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ: ಕ್ಯಾಬಿನ್ನಿನೊಳಗೆ ಅಯಸ್ಕಾಂತದಿಂದ ಒಂದು ಹಾಳೆ ಅಂಟಿಸಿ, ಹೋಗುವವರು ಎಲ್ಲಿಗೆ ಹೋದೆವೆಂದು ಬರೆದಿಡುವುದು, ಮಧ್ಯಾಹ್ನ ಒಂದು ಗಂಟೆಗೂ ಸಂಜೆ ಆರಕ್ಕೂ ಗೊತ್ತುಪಡಿಸಿದ ಒಂದೇ ಜಾಗದಲ್ಲಿ ತಪ್ಪದೆ ಸೇರುವುದು.

ಮಂಡಿನೋವಿರುವವರಿಗೆ ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಕೊಳ್ಳುವಾಗಲೇ ತಿಳಿಸಬೇಕು. ಹತ್ತಲು-ಇಳಿಯಲು ನಿಲ್ದಾಣದಲ್ಲಿ ಸಹಾಯ ಸಿಗುತ್ತದೆ, ಆದರೆ ಯಾನದುದ್ದಕ್ಕೂ ಬಳಸಲು ಸ್ವಂತದ್ದೋ ಬಾಡಿಗೆಯದೋ ಬೇಕಾಗಬಹುದು. ವಾಕರಿಕೆ ಬರುವವರು ವೈದ್ಯರು ಹೇಳಿದ ಮಾತ್ರೆಯನ್ನು ತೊಂದರೆ ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು; ಶುರುವಾದ ಮೇಲೆ ಅದರ ಪ್ರಯೋಜನ ಕಡಿಮೆ. ಹಡಗಿನ ನಡುಭಾಗದ ತೆರೆದ ಡೆಕ್‌ನಲ್ಲಿ ದಿಗಂತವನ್ನು ನೋಡುತ್ತ ನಿಲ್ಲುವುದು, ಶುಂಠಿ ಬಾಯಲ್ಲಿಟ್ಟುಕೊಳ್ಳುವುದು, ಖಾಲಿ ಹೊಟ್ಟೆಯಲ್ಲಿರದೆ ಸ್ವಲ್ಪ ಸ್ವಲ್ಪವೇ ತಿನ್ನುವುದು ಇವೂ ನೆರವಾಗುತ್ತವೆ.

ಬಂದರುಗಳಲ್ಲಿ

ಪೆನಾಂಗ್‌ನಲ್ಲಿ ಹಡಗು ಸ್ವೆಟನ್‌ಹ್ಯಾಮ್ ಕಟ್ಟೆಗೆ ಬಂದು ನಿಲ್ಲುತ್ತದೆ. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾರ್ಜ್‌ಟೌನ್ ಅಲ್ಲಿಂದ ನಡೆದುಹೋಗುವಷ್ಟೇ ದೂರ, ಆದ್ದರಿಂದ ಇಲ್ಲಿ ಹಡಗಿನವರು ಮಾರುವ ಪ್ರವಾಸವನ್ನು ಕೊಳ್ಳುವ ಅಗತ್ಯವಿಲ್ಲ. ಲಿಟಲ್ ಇಂಡಿಯಾದ ಕ್ವೀನ್ ಸ್ಟ್ರೀಟಿನಲ್ಲಿ 1833ರ ಮಹಾಮಾರಿಯಮ್ಮನ್ ದೇವಸ್ಥಾನವಿದೆ, ಸುತ್ತಮುತ್ತ ದಕ್ಷಿಣ ಭಾರತದ ಊಟವೂ ಸಿಗುತ್ತದೆ. ಬಿಸಿಲೇರುವ ಮೊದಲು ಹೋಗಿ, ಮಧ್ಯಾಹ್ನದೊಳಗೆ ಮರಳುವುದು ಚೆನ್ನ.

ಪೋರ್ಟ್ ಕ್ಲಾಂಗ್‌ನಿಂದ ಕ್ವಾಲಾಲಂಪುರ ರಸ್ತೆಯಲ್ಲಿ ಒಂದು ಗಂಟೆಗೂ ಮೀರಿದ ಪ್ರಯಾಣ, ಸಂಚಾರ ದಟ್ಟಣೆಯಾದರೆ ಇನ್ನೂ ಹೆಚ್ಚು. ಆ ಊರಿನ ಹತ್ತಿರದ, ಮುರುಗನ್ ದೇವಸ್ಥಾನವಿರುವ ಬಟು ಗುಹೆಗಳಿಗೆ 272 ಮೆಟ್ಟಿಲು ಹತ್ತಬೇಕೆಂಬುದನ್ನು ಹಿರಿಯರಿಗೆ ಮೊದಲೇ ತಿಳಿಸಿ. ಇಂಥ ದೂರದ ಕಡೆಗೆ ಮಾತ್ರ ಹಡಗಿನವರ ಪ್ರವಾಸವೇ ಲೇಸು, ಏಕೆಂದರೆ ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ.

ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಅನೇಕ ಸಲ ಪಟಾಂಗ್ ಕಡಲತೀರದ ಎದುರು ಲಂಗರು ಹಾಕುತ್ತವೆ, ಅಲ್ಲಿಂದ ಸಣ್ಣ ದೋಣಿಗಳಲ್ಲಿ ದಡಕ್ಕೆ ಹೋಗಬೇಕು. ಅಲುಗಾಡುವ ದೋಣಿಗೆ ಹೆಜ್ಜೆಯಿಡುವುದು ವಯಸ್ಸಾದವರಿಗೆ ಕಷ್ಟ, ಗಾಲಿಕುರ್ಚಿಗೆ ಅಲ್ಲಿ ಅವಕಾಶ ಸಿಗದೆಯೂ ಹೋಗಬಹುದು. ಥಾಯ್ಲೆಂಡಿನ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಫೋನು ದಡದ ಸಮಯಕ್ಕೆ ತಾನಾಗಿಯೇ ಬದಲಾಗಿ, ಹಡಗಿನ ಸಮಯ ಹಾಗೆಯೇ ಉಳಿದರೆ ಒಂದು ಗಂಟೆ ತಡವಾಗುವ ಅಪಾಯವಿದೆ. ಮರಳಿ ಹತ್ತಬೇಕಾದ ಕಡೆಯ ಹೊತ್ತು ಯಾವ ಗಡಿಯಾರದ ಪ್ರಕಾರ ಎಂದು ಇಳಿಯುವಾಗ ಬಾಗಿಲಿನಲ್ಲೇ ಕೇಳಿ, ಮುಳ್ಳಿನ ಕೈಗಡಿಯಾರವೊಂದನ್ನು ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ.

ಎಲ್ಲರೂ ಇಳಿಯಲೇಬೇಕೆಂಬ ನಿಯಮವಿಲ್ಲ. ಬಂದರಿನ ದಿನ ಹಡಗು ಅರ್ಧಕ್ಕರ್ಧ ಬರಿದಾಗುತ್ತದೆ. ಹಿಂದಿನ ದಿನ ಸಾಲು ನಿಂತಿದ್ದ ನೀರಿನ ಜಾರುಬಂಡೆಗಳಲ್ಲಿ ಮಕ್ಕಳು ಮತ್ತೆ ಮತ್ತೆ ಜಾರಬಹುದು, ಹಿರಿಯರಿಗೆ ನೆರಳಿನ ಕುರ್ಚಿ ಸಿಗುತ್ತದೆ. ಕುಟುಂಬ ಎರಡು ಗುಂಪಾಗಿ, ಒಂದು ದಡಕ್ಕೆ ಹೋಗಿ ಒಂದು ಹಡಗಿನಲ್ಲೇ ಉಳಿದರೂ ಯಾರಿಗೂ ನಷ್ಟವಿಲ್ಲ.

ಕಡೆಯ ರಾತ್ರಿ ಮತ್ತು ಇಳಿಯುವ ಬೆಳಿಗ್ಗೆ

ದೊಡ್ಡ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ಕಡೆಯ ರಾತ್ರಿ ಕ್ಯಾಬಿನ್ನಿನ ಹೊರಗೆ ಇಡಬೇಕು. ಬೆಳಿಗ್ಗೆ ಅವು ನಿಲ್ದಾಣದಲ್ಲಿ ಅದೇ ಬಣ್ಣದ ಸಾಲಿನಲ್ಲಿ ಸಿಗುತ್ತವೆ. ಮರುದಿನ ಹಾಕುವ ಬಟ್ಟೆ, ಚಪ್ಪಲಿ, ಔಷಧ, ಪಾಸ್‌ಪೋರ್ಟು ಇವನ್ನು ಕೈಚೀಲಕ್ಕೆ ತೆಗೆದಿಟ್ಟುಕೊಂಡ ನಂತರವೇ ಪೆಟ್ಟಿಗೆಗೆ ಬೀಗ ಹಾಕಿ. ಸಾಮಾನನ್ನು ತಾವೇ ಎಳೆದುಕೊಂಡು ಹೋಗಬಲ್ಲವರನ್ನು ಮೊದಲು ಇಳಿಸುತ್ತಾರೆ, ಆದರೆ ಹಿರಿಯರಿರುವ ಕುಟುಂಬ ಆ ಅವಸರಕ್ಕೆ ಬೀಳಬಾರದು. ಖರ್ಚಿನ ಲೆಕ್ಕವನ್ನು ಆ ರಾತ್ರಿಯೇ ಆ್ಯಪ್‌ನಲ್ಲಿ ಸಾಲು ಸಾಲಾಗಿ ಓದಿ, ತಪ್ಪಿದ್ದರೆ ಸ್ವಾಗತ ಕಚೇರಿಗೆ ತಡರಾತ್ರಿಯೇ ಹೋಗಿ, ಏಕೆಂದರೆ ಬೆಳಿಗ್ಗೆ ಅಲ್ಲಿ ಉದ್ದನೆಯ ಸಾಲಿರುತ್ತದೆ. ಸಿಂಗಪುರದ ಎರಡನೆಯ ಆಗಮನ ಪತ್ರವನ್ನು ಮೊದಲೇ ತುಂಬಿರದಿದ್ದರೆ ಮಲಗುವ ಮುನ್ನ ತುಂಬಿ ಮುಗಿಸಿ.

ಬೆಂಗಳೂರಿನ ವಿಮಾನವನ್ನು ಸಂಜೆಗೆ ಇಲ್ಲವೆ ರಾತ್ರಿಗೆ ಇಟ್ಟುಕೊಂಡರೆ ಮಧ್ಯಾಹ್ನದ ಮೊದಲು ವಿಮಾನ ನಿಲ್ದಾಣಕ್ಕೆ ಓಡಬೇಕಾಗಿಲ್ಲ. ಕುಟುಂಬ ಕಡೆಯ ತಿಂಡಿಯನ್ನೂ ಭೋಜನ ಸಭಾಂಗಣದ ತನ್ನ ಮೇಜಿನಲ್ಲಿ ಕೂತು ತಿಂದು, ತನ್ನ ಬಣ್ಣದ ಚೀಟಿಯನ್ನು ಕರೆದಾಗ ನಿಧಾನವಾಗಿ ಇಳಿಯಬಹುದು.